ದೋಣಿಯ ಮುದುಕಿ ಎಲ್ಲಿ ಹೋದಳು

ನನ್ನ ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹಾಳಾದ ಕಾಗದದ ಕಟ್ಟುಗಳ ಮೇಲೆ, ಆಟದ ಹಿಡಿಕೆಯೊಂದು ಸದಾ ಬಿದ್ದಿರುತ್ತದೆ. ಅದರ ಗುಂಡಿಗಳು ಸವೆದು ನುಣ್ಣಗಾಗಿವೆ, ಒಡೆದ ಬೆನ್ನಿಗೆ ಕರೆಂಟಿನವರ ಕರಿ ಟೇಪು ಸುತ್ತಿದೆ, ಕೈಗೆತ್ತಿಕೊಂಡರೆ ಶೇಂಗಾ ಚಟ್ನಿಯ ವಾಸನೆ ಬರುತ್ತದೆ. ಐವತ್ತು ದಾಟಿದ ಗೃಹಸ್ಥ, ಕಿವಿಯ ಮೇಲಿನ ಕೂದಲು ನೆರೆತವನು, ವಿಡಿಯೋ ಗೇಮ್ ಆಡುತ್ತಾನೆಯೇ ಎಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ: ಆಡುತ್ತಾನೆ, ನಾಚಿಕೆಯಿಲ್ಲದೆ ಆಡುತ್ತಾನೆ, ಮತ್ತು ಆ ಆಟ ಕೆಟ್ಟುಹೋದರೆ ಸಿಟ್ಟಿನಿಂದ ಎರಡು ದಿನ ಸರಿಯಾಗಿ ಊಟವನ್ನೂ ಮಾಡುವುದಿಲ್ಲ.

ಸೊಲ್ಲಾಪುರ ರಸ್ತೆಯ ಮೇಲೆ ಅಂಗಡಿ ಇಟ್ಟವನಿಗೆ ವಾರದ ಆರು ದಿನ ಲಾರಿಗಳ ಧೂಳು, ಪಹಣಿಯ ನಕಲು, ಜಾತಿ ಪ್ರಮಾಣಪತ್ರದ ನಕಲು, ನಕಲಿನ ನಕಲು. ಏಳನೆಯ ದಿನ ಶಟರನ್ನು ಅರ್ಧಕ್ಕಿಳಿಸಿ ಹಿಂದಿನ ಕೋಣೆಗೆ ಹೋದರೆ ಅಲ್ಲೊಂದು ರಾಜ್ಯವೇ ಇದೆ. ಇಂಥ ಆಟವನ್ನು ಕಾಣದವರಿಗೆ ಒಂದೆರಡು ಮಾತು ಹೇಳಬೇಕು. ಪರದೆಯ ಮೇಲೆ ಗುಡ್ಡಗಳು, ಕೋಟೆಗಳು, ರೆಕ್ಕೆಯುಳ್ಳ ಸರ್ಪಗಳು; ಊರು ಸುಟ್ಟುಹೋದ ಒಬ್ಬ ಕಾವಲುಗಾರ ಅಲ್ಲಿ ಅಲೆಯುತ್ತಿರುತ್ತಾನೆ. ಆಟದ ವೀರ ಅವನೇ, ಅವನ ಪಾತ್ರವನ್ನು ನಾವು ವಹಿಸಬೇಕು. ಅವನು ಯಾರೊಡನೆ ಏನು ಮಾತಾಡಬೇಕು, ಯಾರನ್ನು ಕಾಪಾಡಬೇಕು, ಯಾರನ್ನು ಬಿಟ್ಟು ನಡೆಯಬೇಕು ಎಂಬುದೆಲ್ಲ ನಮ್ಮ ತೀರ್ಮಾನ, ಅದರ ಫಲವೂ ನಮ್ಮದೇ. ಇದರ ಮೊದಲ ಭಾಗವನ್ನು ನಾನೂ ಒಬ್ಬ ಗೆಳೆಯನೂ ಕೂಡಿ ಎರಡು ವರ್ಷಗಳ ಭಾನುವಾರಗಳನ್ನೆಲ್ಲ ಸುರಿದು ಮುಗಿಸಿದೆವು. ಈ ವರ್ಷ ಎರಡನೆಯ ಭಾಗ ಬಂತು. ನನ್ನ ಸಿಟ್ಟಿನ ಮೂಲ ಈ ಎರಡನೆಯ ಭಾಗ.

ಏನು ಮಾಡಿದ್ದಾರೆ ಗೊತ್ತೇ? ನೆಲದ ಮೇಲೆ ಒಂದು ಬಂಗಾರದ ಬಾಣ ಇಟ್ಟಿದ್ದಾರೆ. ವೀರ ಎತ್ತ ಹೋಗಬೇಕೋ ಅತ್ತ ಅದು ಮಿಣಮಿಣ ಮಿನುಗುತ್ತ ತಿರುಗುತ್ತದೆ. ಮೊದಲ ಭಾಗದಲ್ಲಿ ಬಾಣ ಇರಲಿಲ್ಲ, ನಕಾಶೆಯೂ ಇರಲಿಲ್ಲ. ದಾರಿಯನ್ನು ಜನರಲ್ಲಿ ಕೇಳಬೇಕಿತ್ತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುವ ನಾಡಿನವರು ನಾವು, ದಾರಿ ಕೇಳುವುದನ್ನು ಒಂದು ಸಂಸ್ಕಾರ ಎಂದು ತಿಳಿದವರು. ತಿಕೋಟಾದಿಂದ ಬಬಲೇಶ್ವರಕ್ಕೆ ಒಳದಾರಿ ಯಾವುದೆಂದು ಹೊಲದಲ್ಲಿ ನಿಂತವರನ್ನು ಒಮ್ಮೆ ಕೇಳಿ ನೋಡಿ. ಮೊದಲು ಯಾರ ಮನೆಗೆ ಹೊರಟಿದ್ದೀರಿ ಎಂಬ ಪ್ರಶ್ನೆ, ಆಮೇಲೆ ನಿಮ್ಮ ಊರು, ನಿಮ್ಮ ಬೀಗರು, ಆ ಬೀಗರಿಗೂ ಇವರ ಸೋದರತ್ತೆಗೂ ಇರುವ ಎಳೆ, ನೀರು ಕುಡಿದಿರೋ ಇಲ್ಲವೋ ಎಂಬ ವಿಚಾರಣೆ. ಇಷ್ಟಾದ ಮೇಲೆ ದಾರಿ. ಹೇಳಿದ ದಾರಿ ಕೆಲವೊಮ್ಮೆ ತಪ್ಪೂ ಇರುತ್ತದೆ, ಆದರೆ ಕೇಳಿದವನು ಅಪರಿಚಿತನಾಗಿ ಉಳಿದಿರುವುದಿಲ್ಲ. ಅಂಥ ಆಟಕ್ಕೆ ಬಾಣ ತಂದವರನ್ನು ನಾನು ಕ್ಷಮಿಸಲಾರೆ.

ಬಾಣವೊಂದೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಇದರಲ್ಲಿ ಯಾರೂ ಸಾಯುವುದಿಲ್ಲ. ಜೊತೆಗಾರ ಕತ್ತಿಯೇಟಿಗೆ ಬಿದ್ದರೆ ಗುಂಡಿ ಒತ್ತಿ ಎಬ್ಬಿಸಬಹುದು. ಅವನು ಮೈ ಕೊಡವಿಕೊಂಡು ಎದ್ದು, ಏನೂ ಆಗದವನ ಹಾಗೆ ಹಿಂದೆ ಬರುತ್ತಾನೆ. ಮೊದಲ ಭಾಗದಲ್ಲಿ ಸತ್ತವರು ಸತ್ತೇ ಇರುತ್ತಿದ್ದರು, ಅವರ ಗುಡಿಸಲು ಖಾಲಿ ಬಿದ್ದಿರುತ್ತಿತ್ತು, ನಾವು ಅದರ ಮುಂದೆ ಹಾಯುವಾಗ ಮಾತು ನಿಲ್ಲಿಸುತ್ತಿದ್ದೆವು. ಸಾವನ್ನು ಮುಚ್ಚಿಟ್ಟು ಜನರನ್ನು ಸಂತೋಷಪಡಿಸುವುದು ಆಡುವವನ ಬುದ್ಧಿಗೆ ಮಾಡುವ ಅವಮಾನ ಎಂದು ನಾನು ಎಷ್ಟೋ ಭಾನುವಾರ ಭಾಷಣ ಬಿಗಿದಿದ್ದೇನೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ನನ್ನ ಕಪಾಳಕ್ಕೆ ಬಂದು ಬಡಿಯುವುದು ಇದೇ.

ಭಾಷಣ ಕೇಳುತ್ತಿದ್ದವರು ಇಬ್ಬರು. ಒಬ್ಬಳು ಶಾಂತಕ್ಕ, ಪಕ್ಕದ ಬೀಜ ಗೊಬ್ಬರದ ಅಂಗಡಿಯ ಒಡತಿ, ಬಿ.ಕಾಂ. ಓದಿದವಳು. ಎರಡನೆಯ ಭಾಗ ಬಂದ ಮೇಲೆ ನಮ್ಮನ್ನು ಸೇರಿಕೊಂಡಳು, ಬರುವಾಗ ಮಂಡಕ್ಕಿಯ ಸೂಸಲಾ ಮಾಡಿಕೊಂಡು ಡಬ್ಬಿಯಲ್ಲಿ ತರುತ್ತಾಳೆ. ಬಾಣ ಅವಳಿಗೆ ಬಲು ಪ್ರೀತಿ. “ಅಣ್ಣಾರ, ನನಗ ವಾರಕ್ಕ ಎರಡು ತಾಸು ಸಿಗ್ತಾವ. ಅದರಾಗ ಒಂದು ತಾಸು ಕಂಡಕಂಡೋರ್ನ ದಾರಿ ಕೇಳ್ಕೋತ ತಿರಗ್ಲೇನು? ನಿಮಗ ಕತ್ತಿ ಬೀಸಾಕ ಬರೂದಿಲ್ಲ, ಅದಕ್ಕ ಬಾಣದ ಮ್ಯಾಲ ಸಿಟ್ಟು. ಕುಣಿಲಾರದಾಕಿ ನೆಲ ಡೊಂಕು ಅಂದಿದ್ಲಂತ,” ಎಂದು ನಗುತ್ತಾಳೆ. ಕತ್ತಿ ಬೀಸಲು ನನಗೆ ಬರುವುದಿಲ್ಲ ಎಂಬುದು ನಿಜ.

ಇನ್ನೊಬ್ಬ ಬೀರಪ್ಪ. ಸಾರವಾಡದ ಕಡೆಯವನು, ಈಗ ಇಬ್ರಾಹಿಂಪುರದಲ್ಲಿ ಮನೆ ಮಾಡಿಕೊಂಡು ಸರಕಿನ ಆಟೋ ಓಡಿಸುತ್ತಾನೆ. ಸಾಲಿಗೆ ಹೋಗುವ ವಯಸ್ಸಿನಲ್ಲಿ ತಾಯಿಯ ಜೊತೆ ಕುರಿಯ ಹಿಂದೆ ನಡೆದವನು. ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾನೆ, ಇಂಗ್ಲಿಷು ಒಂದಕ್ಷರವೂ ಬರುವುದಿಲ್ಲ. ಆದರೆ ನಮ್ಮಲ್ಲಿ ಅವನಂಥ ಆಟಗಾರ ಇನ್ನೊಬ್ಬನಿಲ್ಲ. ಯಾವ ಕಣಿವೆಯಲ್ಲಿ ನೀರಿದ್ದೀತು, ಯಾವ ಮರದ ಹಿಂದೆ ತೋಳ ಕೂತಿದ್ದೀತು ಎಂಬುದು ಅವನಿಗೆ ಪರದೆಯ ಮೇಲೂ ತಿಳಿಯುತ್ತದೆ. ಮೊದಲ ಭಾಗದ ಮಾತೆಲ್ಲ ಇಂಗ್ಲಿಷ್ ಬರಹದಲ್ಲಿತ್ತು. ಹಾಗಾಗಿ ಅವನು ಆಡುವುದು, ನಾನು ಪಕ್ಕದಲ್ಲಿ ಕೂತು ಓದಿ ಹೇಳುವುದು, ಹೀಗೆ ಎರಡು ವರ್ಷ ನಡೆಯಿತು.

ಓದಿ ಹೇಳುವುದು ಎಂದೆನಲ್ಲ, ಅದರಲ್ಲಿ ನನ್ನದೊಂದು ಚಟವಿದೆ. ಅಲ್ಲಿ ಬರೆದದ್ದು ಅರ್ಧ ಸಾಲು ಇದ್ದರೆ ನಾನು ಹೇಳುವುದು ಎರಡು ಸಾಲು. ಹೊಳೆ ದಾಟಿಸುವ ಮುದುಕಿಯೊಬ್ಬಳು ಆ ಆಟದಲ್ಲಿದ್ದಳು. ದೋಣಿ ಹತ್ತಿದವನಿಗೆ ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದುದು ಕೂತುಕೋ ಎಂಬುದೊಂದೇ ಮಾತು, ನಾನು ಅದಕ್ಕೆ “ಉಂಡ್ಯೇನಪಾ? ಬಿಸಲಾಗ ಬಂದಿ, ಕೂಡು,” ಎಂದು ಸೇರಿಸುತ್ತಿದ್ದೆ. ಬೀರಪ್ಪನಿಗೆ ಅವಳನ್ನು ಕಂಡರೆ ಜೀವ. ದಾಟುವ ಕೆಲಸ ಇಲ್ಲದಿದ್ದರೂ ಹೋಗಿ ದೋಣಿ ಹತ್ತಿ ಆ ದಂಡೆಗೆ ಹೋಗಿ ಮತ್ತೆ ಬರುತ್ತಿದ್ದ. “ನಮ್ಮವ್ವನೂ ಹಿಂಗ ಕೇಳ್ತಾಳ್ರಿ,” ಎನ್ನುತ್ತಿದ್ದ.

ಆ ಅವ್ವ ಆಮೇಲೆ ಹಾಸಿಗೆ ಹಿಡಿದಳು. ದೊಡ್ಡ ದವಾಖಾನೆಯಲ್ಲಿ ಇಪ್ಪತ್ತು ದಿನ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದು ಕಳಿಸಿದರು. ಬೀರಪ್ಪ ಅದನ್ನು ನನ್ನ ಅಂಗಡಿಗೇ ತಂದ. ನಾನು ಓದಿ ಹೇಳಿದೆ: ರೋಗ ಕೈಮೀರಿದೆ, ಇನ್ನು ಮನೆಯಲ್ಲಿಯೇ ಇಟ್ಟುಕೊಂಡು ನೋಯದ ಹಾಗೆ ನೋಡಿಕೊಳ್ಳಿ. ಸೊಲ್ಲಾಪುರಕ್ಕೆ ಒಯ್ಯೋಣ ಎಂದು ಅವನ ಕಾಕಾ ಹಟ ಹಿಡಿದಿದ್ದನಂತೆ. ನನ್ನ ಮಾತಿನ ಮೇಲೆ ಬೀರಪ್ಪ ತಾಯಿಯನ್ನು ಮನೆಗೆ ಕರೆದೊಯ್ದ. ಎಂಟನೆಯ ದಿನ ಅವಳು ತೀರಿಕೊಂಡಳು.

ಎರಡು ತಿಂಗಳ ಮೇಲೆ ಅವನು ಮತ್ತೆ ಬಂದು ಹಿಡಿಕೆ ಹಿಡಿದ. ಆಟದಲ್ಲಿ ಶತ್ರುಸೈನ್ಯ ಆ ಸೀಮೆಯನ್ನು ಹಾಯ್ದು ಹೋಗಿತ್ತು. ನಮ್ಮ ವೀರ ಹೊಳೆಯ ದಂಡೆಗೆ ಹೋದರೆ ದೋಣಿ ಬೋರಲು ಬಿದ್ದಿದೆ, ಮುದುಕಿಯಿಲ್ಲ, ಪರದೆಯ ಮೇಲೆ ಮೂರು ಸಾಲು ಬರಹ. “ಏನಂತ ಬರ್ದಾರ್ರಿ?” ಎಂದ ಬೀರಪ್ಪ. ಅವಳು ಸತ್ತಳೆಂದು ಬರೆದಿತ್ತು. ನಾನು ಅವನ ಮುಖ ನೋಡಿದೆ. “ಗುಡ್ಡದ ಆಚಿಕಿ ಮಗಳ ಮನಿಗಿ ಹೋಗ್ಯಾಳಂತ. ಇನ್ನ ಅಲ್ಲೇ ಇರ್ತಾಳಂತ,” ಎಂದುಬಿಟ್ಟೆ. ಅವನು ಹಗುರಾಗಿ ಉಸಿರು ಬಿಟ್ಟ, ನನಗೂ ಒಳ್ಳೆಯ ಕೆಲಸ ಮಾಡಿದೆನೆಂಬ ತೃಪ್ತಿಯಾಯಿತು. ಮರುವಾರಕ್ಕೆ ಆ ಮಾತನ್ನು ಮರೆತೆ.

ಎರಡನೆಯ ಭಾಗ ಬಂದಾಗ ಬೀರಪ್ಪ ಬಾಣವನ್ನು ನೋಡಿ ಹಿಗ್ಗಿದ. “ಅಣ್ಣಾರ, ಇನ್ನ ನಾ ಒಬ್ನ ಆಡಬಹುದ್ರಿ. ನಿಮಗ ಗಿರಾಕಿ ಇದ್ದಾಗ ಕಾಯೂದ ಬ್ಯಾಡ,” ಎಂದ. ಆ ಮಾತು ನನಗೆ ಎಲ್ಲಿ ಚುಚ್ಚಿತೆಂದು ಆಗ ಒಪ್ಪಿಕೊಂಡಿರಲಿಲ್ಲ, ಈಗ ಒಪ್ಪುತ್ತೇನೆ. ಆದರೆ ಅವನು ಬಾಣ ತೋರಿದತ್ತ ಹೋಗಲಿಲ್ಲ. ವಾರದ ದಿನಗಳಲ್ಲೂ ಮಧ್ಯಾಹ್ನ ಸರಕು ಇಳಿಸಿ ಬಂದವನು ಬಾಣಕ್ಕೆ ಬೆನ್ನು ತಿರುಗಿಸಿ ಗುಡ್ಡ ಹತ್ತಿ, ಆಚೆಯ ಊರುಗಳ ಒಂದೊಂದೇ ಮನೆಯ ಬಾಗಿಲು ತಟ್ಟುತ್ತಿದ್ದ. ಮೂರು ವಾರ ಹೀಗೇ ಆಯಿತು. “ಮುದುಕಿ ಸಿಗವಲ್ಲಳ್ರಿ. ಮಗಳ ಮನಿ ಯಾವುದೋ ಏನೋ,” ಎಂದು ಒಂದು ಭಾನುವಾರ ಹೇಳಿದ.

ನನಗೆ ಆಗಲಾದರೂ ನೆನಪಾಗಬೇಕಿತ್ತಲ್ಲವೇ? ನೆನಪಾಯಿತು, ಖಂಡಿತ ಆಯಿತು. ಆದರೆ ಎದುರಿಗೆ ಶಾಂತಕ್ಕ ಕೂತಿದ್ದಳು, ವಾದ ಕಾವೇರಿತ್ತು, ನನ್ನ ಕೈಗೊಂದು ಆಯುಧ ಬೇಕಿತ್ತು. “ನೋಡ್ರಿ ಅಕ್ಕಾರ, ಅಂಥಾ ಮುದುಕಿನ್ನ ಮರತೇ ಬಿಟ್ಟಾರ ಈ ಮಂದಿ. ಎರಡು ವರ್ಷ ಹೊಳಿ ದಾಟಿಸಿದಾಕಿಗೆ ಒಂದು ಗುಡಿಸಲೂ ಇಲ್ಲ. ಬಾಣಕ್ಕ ಬಂಗಾರ ಬಳಿಯಾಕ ಪುರಸೊತ್ತೈತಿ, ಮನಶ್ಯಾರ ನೆನಪಿಲ್ಲ,” ಎಂದೆ. ನಾನೇ ಕಟ್ಟಿದ ಸುಳ್ಳನ್ನು ನಾನೇ ಸಾಕ್ಷಿಯಾಗಿ ಎಳೆತಂದೆ. ಬೀರಪ್ಪ ಹೌದೆಂದು ತಲೆಯಾಡಿಸಿದ. ಆ ಭಾನುವಾರ ಗೆದ್ದವನು ನಾನೇ.

ಮುಂದಿನ ಭಾನುವಾರ ಹುಡುಕಿ ಸೋತ ಬೀರಪ್ಪ ಬಾಣದ ಹಿಂದೆಯೇ ನಡೆದ. ಅದು ಕಾಡು ಹಾಯಿಸಿ, ಸುಟ್ಟ ಊರು ಹಾಯಿಸಿ, ನಮ್ಮ ಹಳೆಯ ಹೊಳೆಯ ದಂಡೆಗೆ ತಂದು ಒಂದು ಕಲ್ಲಿನ ಮುಂದೆ ನಿಂತಿತು. ಕಲ್ಲಿನ ಮೇಲೆ ದೋಣಿಯ ಚಿತ್ರ, ಕೆಳಗೆ ಅಕ್ಷರ. “ಓದ್ರಿ ಅಣ್ಣಾರ,” ಎಂದ. ನಾನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದೆ. ನನ್ನ ಕನ್ನಡಕದ ಗಾಜು ಮಸುಕಾಗಿದೆ ಎಂದುಕೊಂಡಳೇನೋ, ಶಾಂತಕ್ಕ ಮುಂದೆ ಬಾಗಿ ತಾನೇ ಓದಿದಳು.

“ಹೊಳಿ ದಾಟಿಸ್ತಿದ್ದಾಕಿ ಇಲ್ಲೇ ಮಲಗ್ಯಾಳ. ದಂಡು ಬಂದ ದಿನಾ ಎಲ್ಲಾರ್ನೂ ದಾಟ್ಸಿದ್ಲು, ತಾ ದಾಟ್ಲಿಲ್ಲ. ಹಂಗಂತ ಬರ್ದಾರ. ಅಂದ್ರ ಮೊದಲ್ನೇ ಭಾಗದಾಗ ಸತ್ತಾಳಲ್ಲ ಈಕಿ.”

ಬೀರಪ್ಪ ಹಿಡಿಕೆಯನ್ನು ಕೆಳಗಿಟ್ಟ. “ಮಗಳ ಮನಿಗಿ ಹೋಗ್ಯಾಳಂದ್ರಿ.”

“ನಿಮ್ಮವ್ವ ಹೋಗಿ ಎರಡು ತಿಂಗಳಾಗಿತ್ತಷ್ಟ, ಬೀರಪ್ಪಾ. ನಿನ್ನ ಮಾರಿ ನೋಡಿ ಹೇಳಾಕ ಮನಸ ಬರ್ಲಿಲ್ಲ.”

“ನನ್ನ ಮಾರಿ ನೋಡಿ ಹೇಳಿದ್ರಿ. ಬರ್ದಿದ್ದು ನೋಡಿ ಹೇಳ್ಲಿಲ್ಲ.” ಅವನ ದನಿ ಏರಲಿಲ್ಲ, ಅದೇ ನನಗೆ ಹೆಚ್ಚು ಭಯ ತಂದಿತು. ಮತ್ತೆ ಕೇಳಿದ: “ಅವ್ವನ ಚೀಟಿ ಓದುಮುಂದೂ ನನ್ನ ಮಾರಿ ನೋಡಿದ್ರೇನು?”

ಓದುಗ ಮಿತ್ರರೇ, ಆ ಕ್ಷಣ ನನಗೆ ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಎರಡು ವರ್ಷ ಒಂದು ಕಾಸು ಮುಟ್ಟದೆ ಓದಿ ಹೇಳಿದವನಿಗೆ ಇಂಥ ಪ್ರಶ್ನೆಯೇ? ಆಟದ ಮುದುಕಿ ಎಲ್ಲಿ, ಹೆತ್ತ ತಾಯಿ ಎಲ್ಲಿ? ಇದ್ದದ್ದನ್ನು ಇದ್ದ ಹಾಗೆಯೇ ಓದಿದ್ದೇನೆ ಎಂದು ಎದೆ ತಟ್ಟಿ ಕೂಗಿದೆ. ಬೀರಪ್ಪ ಎದ್ದು ಹೋದ. ವಾರವೆಲ್ಲ ಆ ಸಿಟ್ಟನ್ನು ಕಾಯಿಸಿಕೊಂಡೇ ಕೂತಿದ್ದೆ. ಆದರೆ ಯಾರದೋ ಪಹಣಿಯನ್ನು ಯಂತ್ರದೊಳಗೆ ತಳ್ಳುವಾಗ ಕೈ ನಿಲ್ಲತೊಡಗಿತು. ಅರ್ಧ ಸಾಲನ್ನು ಎರಡು ಸಾಲು ಮಾಡುವವನು, ಒಮ್ಮೊಮ್ಮೆ ಎರಡು ಸಾಲನ್ನು ಅರ್ಧವೂ ಮಾಡಿಯಾನು. ಚೀಟಿಯ ಕೊನೆಯ ಸಾಲು ಯಾವುದಿತ್ತು? ಅದನ್ನು ಓದಿದ್ದೆನೇ? ಅಂದು ಅವನ ಮುಖ ನೋಡಿದ್ದು ಮಾತ್ರ ನನಗೆ ನೆನಪಿತ್ತು. ಬಾಣದವರ ಮೇಲೆ, ಸಾವು ಮುಚ್ಚಿಟ್ಟವರ ಮೇಲೆ ಭಾಷಣ ಬಿಗಿದವನ ಗತಿ ಇದು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಭಾನುವಾರ ಅವನು ಬಂದ. ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಚೀಲ, ಅದರೊಳಗಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು, ನಾನು ಚಾಚಿದ ಕೈಯನ್ನು ದಾಟಿಸಿ ಶಾಂತಕ್ಕನಿಗೆ ಕೊಟ್ಟ. “ಒಂದೂ ಬಿಡಬ್ಯಾಡ್ರಿ ಅಕ್ಕಾರ.” ಅವಳು ಬೆರಳಿಟ್ಟು ಓದಿದಳು. ಪೇಶಂಟಿನ ಹೆಸರು, ವಯಸ್ಸು, ಬೇನೆಯ ಹೆಸರು. ಇನ್ನು ಮುಂದೆ ಮಾಡುವುದೇನೂ ಉಳಿದಿಲ್ಲ. ಮನೆಯಲ್ಲಿಯೇ ಆರೈಕೆ. ನೋವಿಗೆ ಈ ಗುಳಿಗೆ, ಊಟವಾದ ಮೇಲೆ. ಬೀರಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ನಾನು ಅವನಿಗಿಂತ ಹೆಚ್ಚು ಅಂಜಿ ಕೇಳುತ್ತಿದ್ದೆ. ಕೊನೆಯ ಸಾಲು ಬಂತು, ವೈದ್ಯರ ಸಹಿ ಬಂತು. ನಾನು ಅಂದು ಹೇಳದೆ ಬಿಟ್ಟದ್ದು ಅದರಲ್ಲಿ ಏನೂ ಇರಲಿಲ್ಲ.

“ಅವತ್ತ ಹೇಳಿದ್ದ ಐತಿ,” ಎಂದ ಬೀರಪ್ಪ. ಚೀಟಿಯನ್ನು ಹಳೆಯ ಮಡಿಕೆಗಳ ಮೇಲೆಯೇ ಮಡಚಿ ಜೇಬಿಗಿಟ್ಟ. ನಾನು ಏನೋ ಹೇಳಲು ಬಾಯಿ ತೆರೆದೆ. ಕ್ಷಮಿಸು ಎನ್ನಲಿದ್ದೆನೋ, ನೋಡಿದೆಯಾ ಎನ್ನಲಿದ್ದೆನೋ, ನನಗೇ ತಿಳಿಯದು. ಅವನು ಅದಕ್ಕೆ ಎಡೆ ಕೊಡಲಿಲ್ಲ. ಪರದೆಯ ಮುಂದೆ ಕೂತು, ವೀರನನ್ನು ಮತ್ತೆ ಆ ಹೊಳೆಯ ದಂಡೆಗೆ ನಡೆಸಿಕೊಂಡು ಹೋಗಿ, ಕಲ್ಲಿನ ಮುಂದೆ ನಿಲ್ಲಿಸಿದ.

“ಇನ್ನ ಮ್ಯಾಲ ಅಕ್ಕಾರ ಓದ್ತಾರ,” ಎಂದ, ನನ್ನ ಕಡೆ ತಿರುಗದೆ. “ನೀವು ಕೂತು ಕೇಳ್ರಿ.”