ಮೇನ್ ಸ್ವಿಚ್ ತೆಗೆದ ಮೇಲೆ

ಅಲ್ಲಾಳಸಂದ್ರದ ನಮ್ಮ ಹಳೇ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯ ಒಂದು ಮನೆಯಲ್ಲಿ, ದೇವರ ದೀಪದಿಂದ ಪರದೆಗೆ ಬೆಂಕಿ ಹತ್ತಿ ಸೋಫಾಗೆ ಹಬ್ಬಿದಾಗ, ನನ್ನ ಹೆಂಡತಿ ಟೆರೇಸಿನಲ್ಲಿ ಹಪ್ಪಳ ಒಣಹಾಕುತ್ತಿದ್ದಳು. ಆ ಮನೆಯವರು ಹೊರಗೆ ಓಡಿಬಂದರು. ಹೊಗೆ ಮೆಟ್ಟಿಲು ಹಿಡಿದು ಮೇಲೇರಿತು. ಅವಳು ಇಳಿಯುವ ದಾರಿ ಅದೊಂದೇ; ಬೆಂಕಿ ಬಿದ್ದಾಗ ಲಿಫ್ಟ್ ಹತ್ತುವಂತಿಲ್ಲ.

ಕೆಳಗಿದ್ದ ನನಗೆ ಫೋನ್ ಮಾಡಿದಳು. "ರೀ, ಇಳೀಲಾ?"

"ಇಳೀಬೇಡ. ಟೆರೇಸ್ ಬಾಗಿಲು ಹಾಕ್ಕೊಂಡು ಟ್ಯಾಂಕ್ ಹತ್ರ ನಿಂತ್ಕೋ."

"ಹಪ್ಪಳ?"

"ಹಪ್ಪಳ ಹಾಳಾಗ್ಲಿ ಕಣೇ."

ಫೈರ್ ಎಂಜಿನ್ ಹೆಬ್ಬಾಳದ ಟ್ರಾಫಿಕ್ಕಿನಲ್ಲಿತ್ತು. ನಾನು ಮೆಟ್ಟಿಲ ಬಳಿಯ ಬೆಂಕಿ ಆರಿಸುವ ಪೈಪು ಎಳೆದು ಬಾಗಿಲಿಂದಲೇ ನೀರು ಬಿಟ್ಟೆ. ಬೆಂಕಿ ತಗ್ಗುತ್ತಿತ್ತು. ಅಷ್ಟರಲ್ಲಿ ನಮ್ಮ ಅಪಾರ್ಟ್‌ಮೆಂಟ್ ಸೆಕ್ರೆಟರಿ, "ಮೊದ್ಲು ಕರೆಂಟ್ ತೆಗೀಬೇಕು ಕಣ್ರೀ," ಎನ್ನುತ್ತಾ ಕೆಳಗೆ ಓಡಿ ಇಡೀ ಕಟ್ಟಡದ ಮೇನ್ ಸ್ವಿಚ್ಚನ್ನೇ ಇಳಿಸಿದರು.

ನೀರು ಸಣ್ಣಗಾಗಿ ನಿಂತಿತು.

ಜನರೇಟರ್ ಗುಡುಗಿತು. ಮೆಟ್ಟಿಲ ದೀಪ ಬಂತು, ಲಿಫ್ಟ್ ಗುಂಯ್ ಎಂದಿತು. ಪೈಪಿಗೆ ನೀರು ತಳ್ಳುವ ಪಂಪು ಮಾತ್ರ ಸುಮ್ಮನಿತ್ತು. ಅದರ ವೈರು ಆ ಮೇನ್ ಸ್ವಿಚ್ಚಿನ ನಂತರವೇ ಇತ್ತು, ಮೇನ್ ಇಳಿದರೆ ಅದೂ ನಿಲ್ಲುತ್ತಿತ್ತು. ಜನರೇಟರಿಗೆ ಕೊಟ್ಟೇ ಇರಲಿಲ್ಲ. ಬೆಂಕಿ ಮತ್ತೆ ಬಾಗಿಲತ್ತ ಬಂತು. ಮೇಲಿಂದ ಅವಳ ಕೆಮ್ಮು ಫೋನಿನಲ್ಲಿ ಕೇಳುತ್ತಿತ್ತು.

ನಾನು ಮೆಟ್ಟಿಲಿಂದಲೇ ಕೆಳಗಿದ್ದ ಸೆಕ್ರೆಟರಿಗೆ ಕೂಗಿದೆ: "ಆ ಮನೆ ಫ್ಯೂಸ್ ಒಂದೇ ತೆಗೀರಿ. ಮೇನ್ ಮತ್ತೆ ಹಾಕಿ."

"ಶಾಕ್ ಹೊಡೆದ್ರೆ?"

"ಫ್ಯೂಸ್ ಕೈಗೆ ಬಂತು ಅಂತ ಹೇಳಿ, ಆಮೇಲೆ ಹಾಕಿ."

ಕೆಳಗೆ ಫ್ಯೂಸ್ ಬಾಕ್ಸಿನ ಮುಚ್ಚಳ ತೆರೆದ ಸದ್ದಾಯಿತು. ಆಮೇಲೆ, "ಬಂತು. ಹಾಕ್ದೆ." ಪೈಪು ಕೈಯಲ್ಲಿ ಬಿಗಿಯಾಯಿತು. ಬೆಂಕಿ ಆರಿ, ಹೊಗೆ ಹೋದ ಮೇಲೆ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಇಳಿದುಬಂದಳು. ಹಪ್ಪಳವನ್ನೂ ತಂದಿದ್ದಳು.

ಆಮೇಲಿನ ಅಪಾರ್ಟ್‌ಮೆಂಟ್ ಮೀಟಿಂಗಿನಲ್ಲಿ ಪಂಪಿಗೆ ಬೇರೆ ಲೈನು ಬೇಕೆಂದೆ. ಸೆಕ್ರೆಟರಿ, "ಹಳೇ ಬಿಲ್ಡಿಂಗು, ಹೊಸ ರೂಲ್ಸ್ ನಮಗೆ ಬರಲ್ಲ," ಎಂದರು.

"ಅದನ್ನ ಬೆಂಕಿಗೆ ನೀವೇ ಹೇಳಿ ಕಳಿಸಿ," ಎಂದೆ.

ನಾನು ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮಾರಿ ಬೆಳೆದವನು. ಮೂಟೆಯನ್ನು ಸುರಿಸಿ ನೋಡದೆ ಕೊಳ್ಳುವುದಿಲ್ಲ. ಪಂಪಿಗೆ ಮೇನ್ ಸ್ವಿಚ್ಚಿಗೂ ಮೊದಲೇ ಬೇರೆ ಲೈನು, ಕರೆಂಟ್ ಹೋದರೆ ತಾನಾಗಿ ಓಡುವ ಡೀಸೆಲ್ ಪಂಪು ಹಾಕಿಸಿದೆವು. ಚೌಕಾಸಿ ಮಾಡಿದೆ, ಕೂಲಿಯಲ್ಲಿ, ಪೇಂಟಿನಲ್ಲಿ. ಪಂಪಿಗೆ ಹಾಕಿದ, ಬೆಂಕಿ ತಾಳುವ ಕೇಬಲ್ಲಿನಲ್ಲಿ ಮಾಡಲಿಲ್ಲ; ನೀವೂ ಮಾಡಬೇಡಿ. ನಿಮ್ಮ ಕಟ್ಟಡದಲ್ಲೂ ಒಂದು ದಿನ ಎಲ್ಲರಿಗೂ ಮೊದಲೇ ತಿಳಿಸಿ ಮೇನ್ ಇಳಿಸಿ, ಪೈಪಿನಲ್ಲಿ ನೀರು ಬರುತ್ತದೆಯೇ ನೋಡಿ.

ಕೆಲಸ ಮುಗಿದ ಬೆಳಿಗ್ಗೆ ಹೆಂಡತಿ ಹಪ್ಪಳದ ತಟ್ಟೆ ಹಿಡಿದು ಕೆಳಗೆ ಬಂದು ನಿಂತಳು.

"ಮೊದ್ಲು ಮೇನ್ ತೆಗೀರಿ. ಆಮೇಲೆ ಟೆರೇಸ್ ಹತ್ತುತ್ತೀನಿ."

ಇಳಿಸಿದೆ. ಡೀಸೆಲ್ ಪಂಪು ಕೆಮ್ಮಿತು, ಹಿಡಿಯಿತು. ಅಂಗಳಕ್ಕೆ ಎಳೆದಿದ್ದ ಪೈಪಿನಿಂದ ನೀರು ಚಿಮ್ಮಿ ಸೆಕ್ರೆಟರಿಯ ಸ್ಕೂಟರನ್ನು ನೆನೆಸಿತು. ಅವಳು ಅದನ್ನು ಪೂರ್ತಿ ನೋಡಿಕೊಂಡು, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದಳು.