ಗ್ರಂಥಾಲಯಕ್ಕೆ ವಿಡಿಯೋ ಗೇಮ್ ತಂದ ಪ್ರಶ್ನಾವಳಿ

ಗ್ರಂಥಾಲಯಗಳಲ್ಲಿ ವಿಡಿಯೋ ಗೇಮಿನ ಪಾತ್ರವೇನು ಎಂಬುದರ ಮೇಲೆ ನಾನು ಸಂಶೋಧನೆ ಮಾಡಿದ್ದೇನೆ. ನಗುವವರು ಈಗಲೇ ನಕ್ಕುಬಿಡಿ. ಗೋಕಾಕದ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ಇಪ್ಪತ್ತು ವರ್ಷ ಪುಸ್ತಕದ ಧೂಳು ಕುಡಿದ ಮೇಲೆ, ಐವತ್ತು ಹತ್ತಿರ ಬಂದಾಗ, ಹೆಸರಿನ ಹಿಂದೆ ಡಾಕ್ಟರ್ ಎಂದು ಬರೆಸಿಕೊಳ್ಳುವ ಚಪಲ ಹತ್ತಿತು. ಚಪಲ ಎಂದೇ ಹೇಳುತ್ತೇನೆ, ಜ್ಞಾನದಾಹ ಗೀನದಾಹ ಎಂದು ಸುಳ್ಳು ಹೇಳುವುದಿಲ್ಲ. ನನಗಿಂತ ಹತ್ತು ವರ್ಷ ಚಿಕ್ಕವರು ಡಾಕ್ಟರ್ ಆಗಿ ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿಯ ಮೇಲೆ ತಮ್ಮ ಬ್ಯಾಗು ಇಡುತ್ತಿದ್ದರು.

ವಿಷಯ ಆರಿಸಿದವರು ನನ್ನ ಮಾರ್ಗದರ್ಶಕರು. ಹಳ್ಳಿಯ ಗ್ರಂಥಾಲಯಗಳಲ್ಲಿ ಹರಿದುಹೋದ ಪುಸ್ತಕಗಳನ್ನು ಏನು ಮಾಡುತ್ತಾರೆ ಎಂದು ನೋಡುವ ಆಸೆ ನನ್ನದಿತ್ತು. ಅವರು ಮೂಗು ಮುರಿದರು. ಆಗಷ್ಟೇ ಯಾವುದೋ ವಿಚಾರಸಂಕಿರಣಕ್ಕೆ ಹೋಗಿ ಬಂದಿದ್ದರು. ಹೊರದೇಶದ ಗ್ರಂಥಾಲಯಗಳಲ್ಲಿ ಹುಡುಗರಿಗೆ ವಿಡಿಯೋ ಗೇಮ್ ಆಡಲು ಬೇರೆ ಕೋಣೆಯೇ ಇರುತ್ತದಂತೆ, ಆಡಲು ಬಂದವರು ಪುಸ್ತಕ ಹಿಡಿದುಕೊಂಡು ಹೋಗುತ್ತಾರಂತೆ ಎಂದು ಅಲ್ಲಿ ಯಾರೋ ಹೇಳಿದ್ದರು.

"ನಮ್ಮ ಕಡೆ ಇದನ್ನ ಯಾರೂ ಮಾಡಿಲ್ರಿ. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರು ತಾಲೂಕಾ ತಗೋರಿ" ಎಂದರು.

ಆ ಮೂರೂ ತಾಲೂಕುಗಳಲ್ಲಿ ನಾನು ಕಂಡ ಯಾವ ಹಳ್ಳಿಯ ಗ್ರಂಥಾಲಯದಲ್ಲೂ ವಿಡಿಯೋ ಗೇಮ್ ಇಲ್ಲವಲ್ಲ ಸರ್ ಎಂದೆ.

"ಇಲ್ಲಂದ್ರ ಬೇಕೋ ಬ್ಯಾಡೋ ಅಂತ ಕೇಳ್ರಿ. ಅದೂ ಸಂಶೋಧನಾನ."

ಬುದ್ಧಿವಂತರು. ನಾನು ಕೋಲೆಬಸವನ ಹಾಗೆ ತಲೆ ಆಡಿಸಿ ಮನೆಗೆ ಬಂದೆ. ಪ್ರಶ್ನಾವಳಿ ಸಿದ್ಧವಾಯಿತು. ಪ್ರತಿ ಪ್ರಶ್ನೆಯ ಮುಂದೆ ಐದು ಚೌಕ. ಒಂದು ತುದಿಗೆ "ಸಂಪೂರ್ಣ ಒಪ್ಪುತ್ತೇನೆ", ಇನ್ನೊಂದು ತುದಿಗೆ "ಖಂಡಿತ ಒಪ್ಪುವುದಿಲ್ಲ". ಓದುಗರು ತಮ್ಮ ಮನಸ್ಸಿನಲ್ಲಿದ್ದದ್ದಕ್ಕೆ ಟಿಕ್ ಹಾಕಬೇಕು, ನಾನು ಅದನ್ನು ಎಣಿಸಬೇಕು. ಎಣಿಸಲು ಬಂದರೆ ಸಾಕು, ಡಾಕ್ಟರ್.

ಮೊದಲು ಹುಕ್ಕೇರಿಯ ಕಡೆ ಹೋದೆ. ನಿಡಸೋಸಿಗೆ ಹೊರಟ ಇಂಜಿನಿಯರಿಂಗ್ ಹುಡುಗರ ಬ್ಯಾಗುಗಳ ನಡುವೆ ಬಸ್ಸಿನಲ್ಲಿ ನಿಂತು, ಸುಡುವ ಬಿಸಿಲಲ್ಲಿ ಇಳಿದು, ಒಂದು ಹಳ್ಳಿಯ ಗ್ರಂಥಾಲಯ ಸೇರಿದೆ. ಪೇಪರ್ ಮೇಜಿನ ಸುತ್ತ ಐದಾರು ಹಿರಿಯರು ಕೂತಿದ್ದರು. ವಿಡಿಯೋ ಗೇಮ್ ಆಡಿದ್ದೀರಾ ಎಂದು ಕೇಳಿದೆ. ಒಬ್ಬರು ಕನ್ನಡಕ ತೆಗೆದು, ಬಹಳ ಹೊತ್ತು ಯೋಚಿಸಿ, "ಇಸ್ಪೀಟ ಬರ್ತೈತ್ರಿ" ಎಂದರು. ನನಗೆ ಚಾ ತರಿಸಿದರು. ನಾನು ಚಾ ಮುಗಿಸುವುದರೊಳಗೆ ಅವರು ಫಾರ್ಮು ಮುಗಿಸಿದ್ದರು. ಮೇಲಿಂದ ಕೆಳಗಿನವರೆಗೆ "ಸಂಪೂರ್ಣ ಒಪ್ಪುತ್ತೇನೆ", ಗೆರೆ ಎಳೆದಷ್ಟು ನೇರ.

ಓದಿ ಹಾಕಿರಿ ಅಜ್ಜಾರ ಎಂದೆ.

"ಓದೂದೇನೈತ್ರಿ ಅಕ್ಕಾರ? ಇಷ್ಟ ಬಿಸಲಾಗ ಗೋಕಾಕದಿಂದ ಬಂದೀರಿ. ಬ್ಯಾಡ ಅಂತ ಬರದು ಕಳಸಾಕ ನಾವೇನ ಮನಷ್ಯಾರಲ್ಲೇನು?"

ಇದು ನಮ್ಮ ಕಡೆಯ ರೀತಿ. ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನುವುದಿಲ್ಲ. ಚುನಾವಣೆಗೆ ನಿಂತವರು ಎಲ್ಲರೂ ಓಣಿ ತಿರುಗಿ ತಾವೇ ಗೆದ್ದೆವೆಂದು ಮನೆಗೆ ಹೋಗುತ್ತಾರೆ, ಯಾಕೆಂದರೆ ಎಲ್ಲರಿಗೂ ನಾವು "ನಿಮಗ ರೀ" ಎಂದೇ ಹೇಳಿರುತ್ತೇವೆ. ಆ ಐದು ಚೌಕಗಳನ್ನು ಕಂಡುಹಿಡಿದ ಮಹಾನುಭಾವ ನಮ್ಮ ಕಡೆ ಒಂದು ಕಪ್ ಚಾ ಕುಡಿದಿದ್ದರೆ ಬೇರೆ ಕಸುಬು ಹುಡುಕಿಕೊಳ್ಳುತ್ತಿದ್ದ. ನಾನಾದರೋ ಇಲ್ಲೇ ಹುಟ್ಟಿದವಳು. ಆ ಟಿಕ್‌ಗಳು ನನ್ನ ನೆತ್ತಿಯ ಬಿಸಿಲಿಗೆ ಬಿದ್ದವು, ಆಟಕ್ಕಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಫಾರ್ಮುಗಳನ್ನು ಮಡಿಚಿ ಚೀಲದಲ್ಲಿ ಇಟ್ಟುಕೊಂಡೆ.

ಮೂಡಲಗಿಯ ಆಚೆ, ಕುಲಗೋಡದ ದಾರಿಗೆ ಇನ್ನೊಂದು ಹಳ್ಳಿ. ಹೆಸರು ಬೇಡ. ಅಲ್ಲಿಯ ಗ್ರಂಥಾಲಯ ಎಂದರೆ ಪಂಚಾಯಿತಿಯ ಮಗ್ಗುಲಿಗೆ ಒಂದೇ ಕೋಣೆ, ಎರಡು ಕಪಾಟು, ಪೇಪರ್ ಓದಲು ಒಂದು ಬೆಂಚು, ಕಿಟಕಿಯ ಹತ್ತಿರ ಒಂದು ಮೇಜು. ಆ ಮೇಜಿಗೆ ಒಬ್ಬ ಹೆಣ್ಣುಮಗಳು ಕೂತಿದ್ದಳು. ಮುಂದೆ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ, ಪಕ್ಕದಲ್ಲಿ ತಾನೇ ಬರೆದುಕೊಂಡ ನೋಟ್ಸು. ಗಂಡ ದರ್ಜಿ, ಮನೆಯಲ್ಲೇ ಎರಡು ಹೊಲಿಗೆ ಮಷೀನು. ಗ್ರಂಥಾಲಯದ ಮೇಲ್ವಿಚಾರಕ ಅವಳನ್ನು "ಭಾಬಿ" ಎಂದು ಕರೆದು ಪರಿಚಯ ಮಾಡಿಸಿದ.

"ಮನ್ಯಾಗ ಮಷೀನ್ ಸಪ್ಪಳಕ್ಕ ಓದಾಕ ಆಗಂಗಿಲ್ರಿ ಅಕ್ಕಾರ. ಹುಡುಗ್ರು ಸಾಲಿಯಿಂದ ಬರೂತನಕಾ ಇಲ್ಲೇ ಕುಂದರ್ತೀನಿ. ಸರಕಾರಿ ನೌಕರಿ ಪರೀಕ್ಷಾ ಐತ್ರಿ. ವಯಸ್ಸ ಮುಗಿಯಾಕ ಬಂತು, ನನಗ ಇದ ಕಡೀ ಸಲ" ಎಂದಳು.

ನಾನು ಫಾರ್ಮು ಕೊಟ್ಟೆ. ಮೂರು ತಾಲೂಕುಗಳಲ್ಲಿ ಆ ಪ್ರಶ್ನೆಗಳನ್ನು ಪೂರ್ತಿ ಓದಿದವಳು ಅವಳೊಬ್ಬಳೇ. ಓದಿ ಮುಗಿಸಿ ಕೋಣೆಯನ್ನು ಒಮ್ಮೆ ಸುತ್ತ ನೋಡಿದಳು.

"ಇದನ್ನ ತಂದ್ರ ಎಲ್ಲಿ ಇಡ್ತಾರ್ರಿ?"

"ಯಾರೂ ಏನೂ ತರಂಗಿಲ್ಲವಾ ತಂಗಿ, ಬರೇ ಸಂಶೋಧನಾ ಇದು" ಎಂದು ನಕ್ಕೆ. ಅವಳೂ ನಕ್ಕು ಎಲ್ಲರ ಹಾಗೆ ಒಪ್ಪಿಗೆಯ ಚೌಕಗಳಿಗೆ ಟಿಕ್ ಹಾಕಿದಳು.

ಮಾರ್ಗದರ್ಶಕರಿಗೆ ಎಷ್ಟು ಖುಷಿ ಎಂದರೆ, ಪ್ರಬಂಧ ಮುಗಿಯುವ ಮೊದಲೇ ಪೇಪರಿಗೆ ಲೇಖನ ಬರೆದರು. ಹಳ್ಳಿಯ ಓದುಗರೆಲ್ಲ ಒಕ್ಕೊರಲಿನಿಂದ ವಿಡಿಯೋ ಗೇಮ್ ಬಯಸುತ್ತಾರಂತೆ. ಕೆಳಗೆ ನನ್ನ ಹೆಸರೂ ಇತ್ತು. ಸುಳ್ಳು ಎಂದು ನಾನು ಬಾಯಿ ಬಿಡಲಿಲ್ಲ, ಲೇಖನವನ್ನು ಕತ್ತರಿಸಿ ಫೈಲಿಗೆ ಹಚ್ಚಿದೆ. ಅದನ್ನು ಓದಿದ, ಕುಲಗೋಡದ ದಾರಿಯ ಆ ಹಳ್ಳಿಯ ಪಂಚಾಯಿತಿ ಅಧ್ಯಕ್ಷರು ಊರಿನ ಗುತ್ತಿಗೆದಾರರೊಬ್ಬರನ್ನು ಹಿಡಿದು ದೊಡ್ಡ ಟಿವಿ, ಆಟದ ಯಂತ್ರ ದಾನ ಕೊಡಿಸಿದರು. ಕಪಾಟಿನಲ್ಲಿ ಹೊಸ ಪುಸ್ತಕ ಬಂದು ಎಷ್ಟು ವರ್ಷವಾಗಿತ್ತೋ ಮೇಲ್ವಿಚಾರಕನಿಗೂ ನೆನಪಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ. ಉದ್ಘಾಟನೆಗೆ ನಾನೇ ಮುಖ್ಯ ಅತಿಥಿ. ಯಂತ್ರಕ್ಕೆ ಕುಂಕುಮ ಹಚ್ಚಿ, ಹಾರ ಹಾಕಿ, ನನಗೂ ಒಂದು ಶಾಲು ಹೊದಿಸಿದರು. ಶಾಲು ಚೆನ್ನಾಗಿತ್ತು, ಈಗಲೂ ಮನೆಯಲ್ಲಿದೆ.

ಆ ಕೋಣೆಯಲ್ಲಿ ಕರೆಂಟಿನ ಪ್ಲಗ್ ಇದ್ದದ್ದು ಒಂದೇ ಕಡೆ, ಕಿಟಕಿಯ ಹತ್ತಿರ. ಆ ಹೆಣ್ಣುಮಗಳು ಓದುತ್ತಿದ್ದ ಮೇಜಿನ ಮೇಲೆಯೇ ಟಿವಿ ಕೂತಿತು. ನಾನು ಭಾಷಣ ಮಾಡುವಾಗ ಅವಳು ಬಾಗಿಲ ಬಳಿ ನೋಟ್ಸು ಎದೆಗವಚಿಕೊಂಡು ನಿಂತಿದ್ದಳು. ಕೊನೆಗೆ ಎಲ್ಲರ ಜೊತೆ ಚಪ್ಪಾಳೆಯನ್ನೂ ತಟ್ಟಿದಳು.

ಎರಡು ತಿಂಗಳು ಬಿಟ್ಟು, ಆಟದ ಪರಿಣಾಮ ಏನಾಗಿದೆ ಎಂದು ಬರೆದುಕೊಳ್ಳಲು ಹೋದೆ. ಗ್ರಂಥಾಲಯದ ಗದ್ದಲ ರಸ್ತೆಗೇ ಕೇಳುತ್ತಿತ್ತು. ಮಕ್ಕಳಿಗೆ ಸರದಿಯೇ ಸಿಗುತ್ತಿರಲಿಲ್ಲ. ಮೀಸೆ ಬಂದ ಗಂಡಸರು ಟಿವಿಯ ಮುಂದೆ ಕ್ರಿಕೆಟ್ ಆಡುತ್ತಿದ್ದರು, ಹೊರಗೆ ಅಷ್ಟು ದೊಡ್ಡ ಮೈದಾನ ಖಾಲಿ ಬಿದ್ದಿತ್ತು. ಅವರಲ್ಲಿ ಇಬ್ಬರು ಪಂಚಾಯಿತಿ ಸದಸ್ಯರು. ಆಡಲು ಬಂದವರು ಯಾವ ಪುಸ್ತಕವನ್ನೂ ಹಿಡಿದುಕೊಂಡು ಹೋದದ್ದು ಕಾಣಲಿಲ್ಲ. ಒಬ್ಬ ಒಂದು ಪುಸ್ತಕ ತೆಗೆದದ್ದು ಖರೆ, ಅದನ್ನು ಟಿವಿಯ ಒಂದು ಕಾಲಿನ ಕೆಳಗೆ ಇಟ್ಟಿದ್ದ, ಅಲುಗಾಡಬಾರದೆಂದು.

ಅವಳು ಕುಡಿಯುವ ನೀರಿನ ಘಟಕದ ಕಟ್ಟೆಯ ಮೇಲೆ ಕೂತು ಓದುತ್ತಿದ್ದಳು. ಕ್ಯಾನು ತುಂಬಲು ಬಂದವರೆಲ್ಲ ಅವಳನ್ನು ಮಾತಾಡಿಸಿಯೇ ಮುಂದೆ ಹೋಗುತ್ತಿದ್ದರು. ನನಗೆ ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಬರಬೇಕಾಗಿತ್ತೋ ಅವರನ್ನು ಬಿಟ್ಟು ಅವಳ ಮೇಲೆಯೇ ಬಂತು.

"ಅವತ್ತ ಯಾಕ ಬ್ಯಾಡ ಅಂತ ಹಾಕಲಿಲ್ಲವಾ? ನಿನಗ ಓದಾಕ ಬರತಿತ್ತಲ್ಲ?"

"ನೀವು ಅಷ್ಟ ದೂರದಿಂದ ಬಂದಿದ್ರಿ. ನಿಮ್ಮದೂ ಪರೀಕ್ಷಾನ ಅಲ್ರಿ? ನನ್ನ ಕೈಯಿಂದ ಯಾಕ ಫೇಲ ಆಗಬೇಕು ಅಂದ್ಕೊಂಡ್ನಿ" ಎಂದಳು.

ನೇರ ಅಧ್ಯಕ್ಷರ ಬಳಿ ಹೋದೆ. ಸಮೀಕ್ಷೆ ತಪ್ಪು, ಜನ ನನ್ನ ಮರ್ಯಾದೆಗೆ ಹೂಂ ಅಂದಿದ್ದಾರೆ, ಮೇಜು ಬಿಡಿಸಿಕೊಡಿ ಎಂದೆ. ಅವರು ನನ್ನದೇ ಲೇಖನವನ್ನು ಕಪಾಟಿನಿಂದ ತೆಗೆದು ಮುಂದಿಟ್ಟರು. "ಬರದವ್ರೂ ನೀವ, ಸುಳ್ಳ ಅನ್ನಾವ್ರೂ ನೀವ. ಮತ್ತೊಮ್ಮೆ ಕೇಳ್ಕೊಂಡ ಬರ್ರಿ. ಜನ ಬ್ಯಾಡ ಅಂದ್ರ ನಾಳೇನ ತಗಿಸ್ತೀನಿ" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಹೊರಗೆ ಬಂದು ಅವಳಿಗೆ ಹೇಳಿದೆ, "ನಾ ಹೊಸಾ ಫಾರ್ಮ್ ತರ್ತೀನಿ. ಈ ಸಲ ನೀ ಬ್ಯಾಡ ಅನಬೇಕು. ನನಗ ಅದ ಬೇಕಾಗೇತಿ." ಅವಳು ತಲೆ ಆಡಿಸಿದಳು.

ಮತ್ತೊಮ್ಮೆ ಕೇಳಲು ಮಾರ್ಗದರ್ಶಕರ ಒಪ್ಪಿಗೆ ಬೇಕಿತ್ತು. ಅವರು ಪರವೂರಿಗೆ ಹೋಗಿದ್ದರು, ಬಂದ ಮೇಲೆ ಫಾರ್ಮಿನ ಭಾಷೆ ತಿದ್ದಿದರು, ತಿದ್ದಿದ್ದನ್ನು ಮತ್ತೆ ತಿದ್ದಿದರು. ನನ್ನ ಕಾಲೇಜಿನಲ್ಲಿಯೂ ಪರೀಕ್ಷೆ ಬಂತು, ರಜೆ ಸಿಗಲಿಲ್ಲ. ಎಲ್ಲ ಸೇರಿ ಆರು ವಾರ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಆ ಬೆಕ್ಕು ಮಾರ್ಗದರ್ಶಕರು, ನಾನು ಇಬ್ಬರೂ ಹೌದು.

ಫಾರ್ಮು ಹಿಡಿದು ಹೋದಾಗ ಊರೆಲ್ಲ ಮತ್ತೆ ನನಗೆ ಚಾ ಕುಡಿಸಿ "ಸಂಪೂರ್ಣ ಒಪ್ಪುತ್ತೇನೆ" ಎಂದಿತು. ಅವಳನ್ನು ಹುಡುಕಿಕೊಂಡು ಮನೆಗೇ ಹೋದೆ. ಅವಳು ಮಷೀನಿನ ಮುಂದೆ ಕೂತು ಗುಂಡಿ ಹಚ್ಚುತ್ತಿದ್ದಳು. ಸೂಜಿ ಬದಿಗಿಟ್ಟು ಪೆನ್ನು ತೆಗೆದುಕೊಂಡು, ಒಂದೊಂದೇ ಪ್ರಶ್ನೆ ಓದಿ, ಎಲ್ಲಕ್ಕೂ "ಖಂಡಿತ ಒಪ್ಪುವುದಿಲ್ಲ" ಎಂದು ಟಿಕ್ ಹಾಕಿದಳು. ನನ್ನ ಕಣ್ಣು ತುಂಬಿಬಂತು. ಮೂರು ತಾಲೂಕು ತಿರುಗಿದ್ದಕ್ಕೆ ಒಂದಾದರೂ ನಿಜವಾದ ಉತ್ತರ ಸಿಕ್ಕಿತ್ತು.

"ಇವತ್ತ ಖರೇ ಬರದಿ ನೋಡು" ಎಂದೆ. "ಇದನ್ನ ಹಿಡಕೊಂಡು ಈಗಿಂದೀಗ ಪಂಚಾಯಿತಿಗೆ ಹೋಗ್ತೀನಿ. ನಿನ್ನ ಮೇಜು ಬಿಡಿಸಿಕೊಂಡ ಬರ್ತೀನಿ."

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತಿದಳು.

"ಈಗ ಮೇಜ ತಗೊಂಡ ಏನ ಮಾಡ್ಲಿ ಅಕ್ಕಾರ? ಪರೀಕ್ಷಾ ಹ್ವಾದ ಐತವಾರನ ಮುಗೀತು. ನೀವು ಬ್ಯಾಡ ಅನ್ನೂದ ಬೇಕು ಅಂದಿದ್ರಲ್ರಿ, ಅದಕ್ಕ ಹಾಕೀನಿ. ಎಲ್ಲಾ ಸರಿ ಆಗೇತಿಲ್ಲೋ ನೋಡ್ಕೋರಿ."