ಜೇಬಿನಲ್ಲಿದ್ದ ಗಂಟೆಯ ನಾಲಿಗೆ

ಇಂಥದ್ದನ್ನೆಲ್ಲ ನಾನು ನಂಬುತ್ತಿರಲಿಲ್ಲ. ಬರ್ಮಿಂಗ್‌ಹ್ಯಾಮಿನ ಸಂತೆಯಲ್ಲಿ ಹಳೆಯ ಹಿತ್ತಾಳೆ ಸಾಮಾನು ಮಾರಿ ಮೇಲೆ ಬಂದವನು. ತಿರುಗಿಸಿ ನೋಡದೆ ಒಂದು ಚಮಚವನ್ನೂ ಕೊಂಡವನಲ್ಲ. ನಿಮಗೂ ಅದನ್ನೇ ಹೇಳುತ್ತೇನೆ, ಯಾವುದನ್ನೇ ಆಗಲಿ ತಿರುಗಿಸಿ ನೋಡಿ. ಆದರೂ ಕೆಲವು ವರ್ಷಗಳ ಹಿಂದಿನ ಆ ಶನಿವಾರ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಯಾರದೋ ಮನೆ ಖಾಲಿ ಮಾಡಿದ ಸಾಮಾನಿನಲ್ಲಿ ಒಂದು ಕೈಗಂಟೆ ಸಿಕ್ಕಿತ್ತು. ಹಿಡಿಯ ತುದಿಯಲ್ಲಿ ಮೂರು ಕವಲು. ತ್ರಿಶೂಲವೆಂದುಕೊಂಡು ದೇವರ ಮನೆಯಲ್ಲಿಟ್ಟೆವು. ಹೆಂಡತಿ ದಿನಾ ಅದನ್ನೇ ಬಾರಿಸಿ ಮಂಗಳಾರತಿ ಮಾಡುತ್ತಿದ್ದಳು.

ಒಂದು ವಾರ ಕಳೆದ ಮೇಲೆ, ಮನೆ ಖಾಲಿ ಮಾಡಿದವರಿಂದ ನನ್ನ ನಂಬರ್ ಪಡೆದು ಮ್ಯಾಂಚೆಸ್ಟರಿನಿಂದ ಮೇ ಎಂಬ ಚೀನೀ ಹುಡುಗಿ ಫೋನ್ ಮಾಡಿದಳು. ತೀರಿಕೊಂಡ ಅವಳ ತಂದೆ ತಾವೊ ಧರ್ಮದ ಪುರೋಹಿತರಾಗಿದ್ದರಂತೆ. ಗಂಟೆ ಅವರದು, ಅಣ್ಣ ತಿಳಿಯದೆ ಕೊಟ್ಟುಬಿಟ್ಟಿದ್ದ. ಮೂರು ಕವಲೆಂದರೆ ಅವರ ಮೂವರು ಪರಮ ದೇವತೆಗಳು. ಅದರ ಸದ್ದು ದೇವರನ್ನು ಕರೆಯುತ್ತದೆ, ಸತ್ತವರಿಗೆ ದಾರಿ ತೋರಿಸುತ್ತದೆ. ಬರುವ ಶನಿವಾರ ಅವರು ತೀರಿಕೊಂಡ ನಲವತ್ತೊಂಬತ್ತನೇ ದಿನದ ಕ್ರಿಯೆ, ನಮ್ಮ ವೈಕುಂಠ ಸಮಾರಾಧನೆಯ ಹಾಗೆ.

"ಬೇರೆ ಗಂಟೆ ಆಗುವುದಿಲ್ಲವೇನಮ್ಮ?" ಎಂದೆ.

"ಅಮ್ಮ ಒಪ್ಪಲ್ಲ, ಅಂಕಲ್. ಅಪ್ಪನಿಗೆ ಈ ಸದ್ದೇ ಗುರುತು. ಇದಿಲ್ಲದಿದ್ದರೆ ದಾರಿ ತಪ್ಪುತ್ತಾರೆ ಅಂತ ಊಟ ಬಿಟ್ಟಿದ್ದಾರೆ."

ಪುರಾವೆ ಕೇಳಿದೆ. ಗಂಟೆಯ ಬಾಯಂಚಿನ ಒಳಗಿನ ಸಣ್ಣ ಸೀಳನ್ನು ಹೇಳಿದಳು, ಸರಿಯಾಗಿತ್ತು. ನಾನು ಇನ್ನೇನೋ ತಕರಾರು ತೆಗೆಯುವಷ್ಟರಲ್ಲಿ ಹೆಂಡತಿ, "ರೀ, ಸತ್ತವರ ಜೊತೆನೂ ಚೌಕಾಸಿನಾ? ಕೊಟ್ಟು ಬನ್ನಿ" ಎಂದಳು.

ದಾರಿಯಲ್ಲಿ ಸದ್ದಾಗದಿರಲೆಂದು ಗಂಟೆಯೊಳಗೆ ತೂಗುವ ನಾಲಿಗೆಯನ್ನು ಕಳಚಿ ಕೋಟಿನ ಜೇಬಿಗೆ ಹಾಕಿದೆ. ನಮ್ಮ ಕಸುಬಿನಲ್ಲಿ ಅದು ರೂಢಿ. ಮೋಟಾರ್‌ವೇ ತುಂಬ ಟ್ರಾಫಿಕ್. ತಲುಪುವಾಗ ಮಧ್ಯಾಹ್ನದ ಕ್ರಿಯೆ ಶುರುವಾಗಿತ್ತು. ಮೇ ಬಾಗಿಲಲ್ಲೇ ಗಂಟೆ ಇಸಿದುಕೊಂಡು ಒಳಗೋಡಿದಳು. ಕ್ರಿಯೆ ಮಾಡಿಸುತ್ತಿದ್ದ ವೃದ್ಧ ಪುರೋಹಿತರು ಅದನ್ನೆತ್ತಿ ಅಲ್ಲಾಡಿಸಿದರು. ಅದೇ ಸದ್ದು, ನಮ್ಮ ದೇವರ ಮನೆಯಲ್ಲಿ ಕೇಳಿದ್ದು. ಗೋಡೆ ಹಿಡಿದು ನಿಂತಿದ್ದ ಅವಳ ತಾಯಿ ನೆಮ್ಮದಿಯ ಉಸಿರುಬಿಟ್ಟು ಕುಳಿತರು.

ಕರವಸ್ತ್ರಕ್ಕೆಂದು ಜೇಬಿಗೆ ಕೈಹಾಕಿದೆ. ನಾಲಿಗೆ ಅಲ್ಲೇ ಇತ್ತು.

ಹೇಳಿಬಿಡಲೇ ಎನಿಸಿತು. ಆ ತಾಯಿಯ ಮುಖ ನೋಡಿ ಮುಷ್ಟಿ ಬಿಗಿ ಮಾಡಿ ನಿಂತೆ. ಗಂಟೆ ಮತ್ತೆರಡು ಸಲ ಮೊಳಗಿತು.

ಎಲ್ಲ ಮುಗಿದ ಮೇಲೆ ಪುರೋಹಿತರನ್ನು ಪಕ್ಕಕ್ಕೆ ಕರೆದು ಅವರ ಅಂಗೈಯಲ್ಲಿ ನಾಲಿಗೆ ಇಟ್ಟೆ. ಅವರು ಗಂಟೆ ತಿರುಗಿಸಿ ನೋಡಿದರು. ಒಳಗೆ ಬರಿಯ ಕೊಂಡಿ. ಮೇಯನ್ನು ಕರೆದು ಅವಳ ಕಿವಿಯಲ್ಲಿ ಏನೋ ಅಂದರು.

"ನಿಮಗೂ ಕೇಳಿಸಿತಾ ಅಂತ ಕೇಳುತ್ತಿದ್ದಾರೆ" ಎಂದಳು.

"ಕೇಳಿಸಿತು" ಎಂದೆ.

ಎಷ್ಟೋ ಸಲ ಆ ಮಧ್ಯಾಹ್ನವನ್ನು ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಪ್ರತಿ ಸಲವೂ ಒಳಗೆ ಕೊಂಡಿ ಮಾತ್ರ ಕಾಣುತ್ತದೆ.